ಜಾಕ್ ಕಿರ್ಬಿ: ಗೆರೆ ಅವರದು, ಒಡೆತನ ಯಾರದು?

1940ರ ಡಿಸೆಂಬರ್ ಕೊನೆಯ ವಾರಗಳಲ್ಲಿ ಅಮೆರಿಕದ ಪತ್ರಿಕೆ ಅಂಗಡಿಗಳಿಗೆ ಹತ್ತು ಸೆಂಟ್ ಬೆಲೆಯ ಒಂದು ಹೊಸ ಕಾಮಿಕ್ಸ್ ಪುಸ್ತಕ ಬಂತು. ಅದರ ಮುಖಪುಟದಲ್ಲಿ ಅಮೆರಿಕದ ಧ್ವಜದ ಬಣ್ಣಗಳನ್ನೇ ಉಡುಪಾಗಿ ತೊಟ್ಟ ಯುವಕನೊಬ್ಬ ಅಡಾಲ್ಫ್ ಹಿಟ್ಲರನ ದವಡೆಗೆ ಗುದ್ದುತ್ತಿದ್ದ. ಸುತ್ತ ನಿಂತ ನಾಝಿ ಸೈನಿಕರು ಅವನತ್ತ ಗುಂಡು ಹಾರಿಸುತ್ತಿದ್ದರು. ಅದು 'ಕ್ಯಾಪ್ಟನ್ ಅಮೆರಿಕ' ಮಾಲಿಕೆಯ ಮೊದಲ ಸಂಚಿಕೆ.

ಇಂದು ಹಿಟ್ಲರನಿಗೆ ಗುದ್ದುವ ಚಿತ್ರ ಬರೆಯಲು ಯಾವ ಧೈರ್ಯವೂ ಬೇಕಿಲ್ಲ. ಆದರೆ ಆಗ ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಪರ್ಲ್ ಹಾರ್ಬರ್ ದಾಳಿಗೆ ಸುಮಾರು ಒಂದು ವರ್ಷ ಬಾಕಿಯಿತ್ತು. ಯುರೋಪಿನವರ ಜಗಳ ನಮಗೇಕೆ ಎನ್ನುವವರು ಆ ದೇಶದಲ್ಲಿ ಬಹಳ ಮಂದಿ ಇದ್ದರು. ಹಿಟ್ಲರನ ಅಭಿಮಾನಿಗಳು 1939ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಇಪ್ಪತ್ತು ಸಾವಿರದಷ್ಟು ಜನ ಸೇರಿಸಿ ಬಹಿರಂಗ ಸಭೆಯನ್ನೇ ನಡೆಸಿದ್ದರು. ಅಂಥ ನಗರದಲ್ಲಿ ಕುಳಿತು ಈ ಮುಖಪುಟ ಮಾಡಿದವರು ಇಬ್ಬರು ಯಹೂದಿ ಯುವಕರು, ಜೋ ಸೈಮನ್ ಮತ್ತು ಜಾಕ್ ಕಿರ್ಬಿ. ಕಿರ್ಬಿಗೆ ಆಗ ಇಪ್ಪತ್ತಮೂರು ವರ್ಷ. ಪುಸ್ತಕದ ಹತ್ತು ಲಕ್ಷದ ಹತ್ತಿರ ಪ್ರತಿಗಳು ಮಾರಾಟವಾದವು. ಜೊತೆಗೆ ಬೆದರಿಕೆಗಳೂ ಬಂದವು. ನಗರದ ಮೇಯರ್ ಲಾ ಗಾರ್ಡಿಯಾ ಅವರೇ ದೂರವಾಣಿ ಮಾಡಿ ರಕ್ಷಣೆಯ ಭರವಸೆ ಕೊಟ್ಟರೆಂದು ಸೈಮನ್ ತಮ್ಮ ನೆನಪುಗಳಲ್ಲಿ ದಾಖಲಿಸಿದ್ದಾರೆ.

ಕ್ಯಾಪ್ಟನ್ ಅಮೆರಿಕ, ಹಲ್ಕ್, ಥಾರ್, ಎಕ್ಸ್-ಮೆನ್, ಬ್ಲ್ಯಾಕ್ ಪ್ಯಾಂಥರ್ ಮುಂತಾದ ಹೆಸರುಗಳನ್ನು ಇಂದು ನಮ್ಮ ಊರುಗಳ ಮಕ್ಕಳೂ ಬಲ್ಲರು. ಸಿನಿಮಾ, ಟಿ.ವಿ., ಶಾಲೆಯ ಚೀಲ, ನೀರಿನ ಬಾಟಲಿ ಎಲ್ಲದರ ಮೇಲೂ ಇವರಿದ್ದಾರೆ. ಇವರೆಲ್ಲರ ಹುಟ್ಟಿನಲ್ಲಿ ಪಾಲಿದ್ದ ಕಿರ್ಬಿಯ ಹೆಸರು ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ. ಅದು ಹೇಗಾಯಿತು ಎಂಬುದನ್ನು ತಿಳಿಯುವುದು ಒಬ್ಬ ಕಲಾವಿದನ ಕೆಲಸವನ್ನು ಮೆಚ್ಚುವುದರ ಒಂದು ಭಾಗವೇ ಆಗಿದೆ ಎಂದು ನಾವು ಭಾವಿಸುತ್ತೇವೆ.

ಬಡವರ ಓಣಿಯ ಹುಡುಗ

ಕಿರ್ಬಿಯ ನಿಜ ನಾಮಧೇಯ ಜೇಕಬ್ ಕರ್ಟ್ಜ್‌ಬರ್ಗ್. ಹುಟ್ಟಿದ್ದು 1917ರ ಆಗಸ್ಟ್ 28ರಂದು, ನ್ಯೂಯಾರ್ಕ್‌ನ ಲೋವರ್ ಈಸ್ಟ್ ಸೈಡ್‌ನಲ್ಲಿ. ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದ ಪ್ರದೇಶದಿಂದ ವಲಸೆ ಬಂದಿದ್ದ ತಂದೆ ಬೆಂಜಮಿನ್ ಬಟ್ಟೆ ಕಾರ್ಖಾನೆಯ ಕೆಲಸಗಾರ. ತಾಯಿ ರೋಸ್. ಯಹೂದಿ, ಇಟಾಲಿಯನ್, ಐರಿಷ್ ವಲಸಿಗರು ಒಂದೊಂದು ಕೋಣೆಯಲ್ಲಿ ಕಿಕ್ಕಿರಿದು ಬದುಕುತ್ತಿದ್ದ ಬಡಾವಣೆಯದು. ಓಣಿ ಓಣಿಗೂ ಹುಡುಗರ ಗುಂಪುಗಳು, ದಿನ ಬೆಳಗಾದರೆ ಹೊಡೆದಾಟ. ಆ ಹೊಡೆದಾಟಗಳ ನೆನಪನ್ನು ಕಿರ್ಬಿ ತಮ್ಮ ಅರವತ್ತರ ನಂತರ 'ಸ್ಟ್ರೀಟ್ ಕೋಡ್' ಎಂಬ ಹತ್ತೇ ಪುಟಗಳ ಚಿತ್ರಕತೆಯಲ್ಲಿ ಬರೆದರು. ಅವರ ಸೂಪರ್ ಹೀರೋಗಳು ಹೊಡೆದಾಡುವ ರೀತಿಯಲ್ಲಿ ಕುಸ್ತಿಯ ಶಿಸ್ತಿಲ್ಲ, ಬೀದಿ ಜಗಳದ ಹುರುಪಿದೆ. ಅದು ಎಲ್ಲಿಂದ ಬಂತೆಂದು ಈ ಹತ್ತು ಪುಟ ನೋಡಿದರೆ ತಿಳಿಯುತ್ತದೆ.

ಚಿತ್ರಕಲೆಯನ್ನು ಅವರು ಶಾಲೆಯಲ್ಲಿ ಕಲಿತದ್ದು ಕಡಿಮೆ. ಪ್ರಾಟ್ ಇನ್‌ಸ್ಟಿಟ್ಯೂಟ್‌ಗೆ ಸೇರಿ ವಾರದೊಳಗೆ ಬಿಟ್ಟರು. ಪತ್ರಿಕೆಗಳ ವ್ಯಂಗ್ಯಚಿತ್ರ ನೋಡುತ್ತ, ಸಿನಿಮಾ ನೋಡುತ್ತ ಕೈ ಪಳಗಿತು. 1930ರ ದಶಕದ ಮಧ್ಯದಲ್ಲಿ ಫ್ಲೈಶರ್ ಸ್ಟುಡಿಯೋದಲ್ಲಿ 'ಪಪಾಯ್' ಕಾರ್ಟೂನಿಗೆ ನಡುವಿನ ಚಿತ್ರಗಳನ್ನು ಬರೆಯುವ ಕೆಲಸ ಸಿಕ್ಕಿತು. ಪಾತ್ರ ಕೈ ಎತ್ತುವ ಮೊದಲ ಚಿತ್ರ ಒಬ್ಬರು, ಕೈ ಎತ್ತಿ ಮುಗಿಸಿದ ಚಿತ್ರ ಇನ್ನೊಬ್ಬರು ಬರೆದರೆ, ನಡುವಿನ ಚಲನೆಯನ್ನು ತುಂಬುವುದು ಇವರ ಪಾಲು. ಸಾಲು ಸಾಲು ಮೇಜುಗಳ ಆ ಸ್ಟುಡಿಯೋ ತಂದೆಯ ಕಾರ್ಖಾನೆಯನ್ನೇ ನೆನಪಿಸುತ್ತಿತ್ತೆಂದು ಅವರು ಮುಂದೆ ಹೇಳಿಕೊಂಡಿದ್ದರು. ಅದನ್ನು ಬಿಟ್ಟು ಕಾಮಿಕ್ಸ್‌ಗೆ ಬಂದರು. ಹಲವು ಹೆಸರುಗಳಲ್ಲಿ ಬರೆದು ಕೊನೆಗೆ ಜಾಕ್ ಕಿರ್ಬಿ ಎಂಬ ಹೆಸರಿನಲ್ಲಿ ನೆಲೆನಿಂತರು.

ಕ್ಯಾಪ್ಟನ್ ಅಮೆರಿಕ ಗೆದ್ದಾಗ ಪ್ರಕಾಶಕ ಮಾರ್ಟಿನ್ ಗುಡ್‌ಮನ್ ಲಾಭದಲ್ಲಿ ಪಾಲು ಕೊಡುವ ಮಾತಿತ್ತು. ಲೆಕ್ಕ ಸರಿಯಿಲ್ಲವೆಂದು ಸೈಮನ್ ಮತ್ತು ಕಿರ್ಬಿಗೆ ಮನವರಿಕೆಯಾಯಿತು. ಹತ್ತು ಸಂಚಿಕೆ ಮುಗಿಸಿ ಇಬ್ಬರೂ ಹೊರಟರು. ಪಾತ್ರ ಪ್ರಕಾಶಕನ ಬಳಿಯೇ ಉಳಿಯಿತು. ಕಿರ್ಬಿಯ ಬದುಕಿನಲ್ಲಿ ಹೀಗಾದದ್ದು ಇದು ಮೊದಲ ಸಲ, ಕೊನೆಯ ಸಲವಲ್ಲ.

ಯುದ್ಧ ಮತ್ತು ಅನಂತರ

1943ರಲ್ಲಿ ಕಿರ್ಬಿಯನ್ನು ಸೈನ್ಯಕ್ಕೆ ಕರೆದುಕೊಳ್ಳಲಾಯಿತು. 1944ರ ಆಗಸ್ಟ್‌ನಲ್ಲಿ, ಮಿತ್ರಪಡೆಗಳು ನಾರ್ಮಂಡಿಗೆ ಕಾಲಿಟ್ಟ ಎರಡೂವರೆ ತಿಂಗಳ ಬಳಿಕ, ಅವರೂ ಅದೇ ಕಡಲ ತೀರದಲ್ಲಿ ಇಳಿದರು. ಈತ ಕ್ಯಾಪ್ಟನ್ ಅಮೆರಿಕ ಬರೆದವನೆಂದು ಗೊತ್ತಾದಾಗ ಅಧಿಕಾರಿಯೊಬ್ಬರು ಅವರಿಗೆ ಹೊಸ ಕೆಲಸ ವಹಿಸಿದರಂತೆ. ಪಡೆಗಿಂತ ಮುಂದೆ ಹೋಗಿ, ಶತ್ರುಗಳಿರುವ ಊರುಗಳನ್ನು ನೋಡಿ, ನಕ್ಷೆ ಬರೆದು ತರುವುದು. ಕಾಗದದ ಮೇಲೆ ಹಿಟ್ಲರನಿಗೆ ಗುದ್ದಿದ ಕೈಗೆ ಬಂದ ಅತ್ಯಂತ ಅಪಾಯದ ಕೆಲಸವದು. ಆ ವರ್ಷದ ಚಳಿಯಲ್ಲಿ ಹಿಮದಿಂದ ಕಾಲುಗಳು ಮರಗಟ್ಟಿದವು. ಕತ್ತರಿಸಬೇಕಾಗಬಹುದೆಂದು ಲಂಡನ್‌ನ ಆಸ್ಪತ್ರೆಯಲ್ಲಿ ವೈದ್ಯರು ಯೋಚಿಸಿದ್ದರು. ಹೇಗೋ ಉಳಿದವು. 1945ರಲ್ಲಿ ಪತ್ನಿ ರೋಜ್ ಬಳಿಗೆ ಮರಳಿದರು.

1947ರಲ್ಲಿ ಸೈಮನ್ ಜೊತೆ ಸೇರಿ 'ಯಂಗ್ ರೊಮಾನ್ಸ್' ತಂದರು. ಅಮೆರಿಕದ ಮೊದಲ ಪ್ರಣಯ ಕಾಮಿಕ್ಸ್ ಅದು. ಈ ಸಲ ಲಾಭದಲ್ಲಿ ಅರ್ಧ ಪಾಲಿನ ಕರಾರು ಮಾಡಿಕೊಂಡಿದ್ದರು, ಒಳ್ಳೆಯ ಸಂಪಾದನೆಯೂ ಆಯಿತು. ಆದರೆ 1954ರಲ್ಲಿ ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತದೆ ಎಂಬ ಕೂಗು ಎದ್ದಿತು. ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಅವರ ಪುಸ್ತಕ ಬಂತು, ಸೆನೆಟ್ ಸಮಿತಿ ವಿಚಾರಣೆ ನಡೆಸಿತು. ಹೆದರಿದ ಪ್ರಕಾಶಕರು ತಾವೇ ಒಂದು ಕಟ್ಟುನಿಟ್ಟಿನ ಸಂಹಿತೆ ಮಾಡಿಕೊಂಡರು. ಸಂಸ್ಥೆಗಳು ಮುಚ್ಚಿದವು, ನೂರಾರು ಚಿತ್ರಕಾರರು ಕೆಲಸ ಕಳೆದುಕೊಂಡರು. ಸೈಮನ್ ಮತ್ತು ಕಿರ್ಬಿಯ ಸ್ವಂತ ಪ್ರಕಾಶನವೂ ಉಳಿಯಲಿಲ್ಲ. ಹೆಂಡತಿ ಮಕ್ಕಳನ್ನು ಸಾಕಬೇಕಿದ್ದ ಕಿರ್ಬಿ 1958ರಲ್ಲಿ ಗುಡ್‌ಮನ್‌ರ ಸಂಸ್ಥೆಗೇ ಮತ್ತೆ ಹೋದರು. ಆ ಸಂಸ್ಥೆಯೇ ಕೆಲವೇ ವರ್ಷಗಳಲ್ಲಿ ಮಾರ್ವೆಲ್ ಎಂಬ ಹೆಸರಿನಲ್ಲಿ ಪ್ರಸಿದ್ಧವಾಯಿತು.

ನೆಲಮಾಳಿಗೆಯ ಮೇಜು

1961ರಿಂದ 1970ರವರೆಗಿನ ಮಾರ್ವೆಲ್‌ನ ಕೆಲಸ ಕಾಮಿಕ್ಸ್‌ನ ಇತಿಹಾಸದಲ್ಲೇ ವಿಸ್ಮಯ. 1961ರಲ್ಲಿ 'ಫೆಂಟಾಸ್ಟಿಕ್ ಫೋರ್', 1962ರಲ್ಲಿ ಹಲ್ಕ್ ಮತ್ತು ಥಾರ್, 1963ರಲ್ಲಿ ಅವೆಂಜರ್ಸ್ ಮತ್ತು ಎಕ್ಸ್-ಮೆನ್ ಬಂದವು. ಸಂಪಾದಕ ಸ್ಟಾನ್ ಲೀ, ಚಿತ್ರಕಾರ ಕಿರ್ಬಿ. 'ಫೆಂಟಾಸ್ಟಿಕ್ ಫೋರ್' ಒಂದನ್ನೇ ಕಿರ್ಬಿ ಬಿಡದೆ 102 ಸಂಚಿಕೆ ಬರೆದರು. ಅದರ ಜೊತೆ ಬೇರೆ ಪುಸ್ತಕಗಳು, ಮುಖಪುಟಗಳು ಇದ್ದೇ ಇದ್ದವು. ಲಾಂಗ್ ಐಲ್ಯಾಂಡ್‌ನ ಮನೆಯ ಕಿಟಕಿಯಿಲ್ಲದ ನೆಲಮಾಳಿಗೆಯಲ್ಲಿ ರಾತ್ರಿಯಿಡೀ ಕುಳಿತು ದಿನಕ್ಕೆ ಮೂರು ನಾಲ್ಕು ಪುಟ ಮುಗಿಸುತ್ತಿದ್ದರು. ಮನೆಯವರು ಆ ಕೋಣೆಯನ್ನು 'ಸೆರೆಮನೆ' ಎಂದೇ ಕರೆಯುತ್ತಿದ್ದರು.

ಕೆಲಸದ ಕ್ರಮವನ್ನು ಇಲ್ಲಿ ವಿವರಿಸಬೇಕು. ಏಕೆಂದರೆ ಮುಂದಿನ ಜಗಳದ ಬೇರು ಅಲ್ಲಿದೆ. ಸಾಮಾನ್ಯವಾಗಿ ಬರಹಗಾರ ಪ್ರತಿ ಚೌಕಟ್ಟಿನಲ್ಲಿ ಏನಿರಬೇಕು, ಯಾರು ಏನು ಮಾತಾಡಬೇಕು ಎಂದು ಬರೆದುಕೊಡುತ್ತಾನೆ, ಚಿತ್ರಕಾರ ಅದರಂತೆ ಬರೆಯುತ್ತಾನೆ. ಮಾರ್ವೆಲ್‌ನಲ್ಲಿ ಹಾಗಿರಲಿಲ್ಲ. ಲೀ ಮತ್ತು ಕಿರ್ಬಿ ಕತೆಯ ಎಳೆಯೊಂದನ್ನು ಮಾತಾಡಿಕೊಳ್ಳುತ್ತಿದ್ದರು, ಕೆಲವೊಮ್ಮೆ ದೂರವಾಣಿಯಲ್ಲೇ. ಬಳಿಕ ಕಿರ್ಬಿ ಮನೆಯಲ್ಲಿ ಕುಳಿತು ಇಪ್ಪತ್ತು ಪುಟಗಳ ಕತೆಯನ್ನು ಚಿತ್ರಗಳಲ್ಲಿ ಕಟ್ಟುತ್ತಿದ್ದರು. ಯಾವ ಪಾತ್ರ ಬರಬೇಕು, ಯಾವ ತಿರುವಿನಲ್ಲಿ ಕತೆ ನಿಲ್ಲಬೇಕು ಎಂಬುದೆಲ್ಲ ಮೇಜಿನ ಮೇಲೆಯೇ ತೀರ್ಮಾನ. ಏನಾಗುತ್ತಿದೆ ಎಂಬ ಟಿಪ್ಪಣಿಯನ್ನು ಪುಟದ ಅಂಚಿನಲ್ಲಿ ಬರೆದು ಕಳಿಸುತ್ತಿದ್ದರು. ಆ ಮೇಲೆ ಲೀ ಸಂಭಾಷಣೆ ತುಂಬುತ್ತಿದ್ದರು. 1966ರಲ್ಲಿ ಬಂದ ಗ್ಯಾಲಕ್ಟಸ್ ಕತೆಯ ಪುಟಗಳು ಬಂದಾಗ ಅದರಲ್ಲಿ ಬೆಳ್ಳಿ ಬಣ್ಣದ ಹಲಗೆಯ ಮೇಲೆ ಆಕಾಶದಲ್ಲಿ ತೇಲುವ ಒಬ್ಬನಿದ್ದ. ಇವನು ಯಾರೆಂದು ಲೀ ಕೇಳಬೇಕಾಯಿತು. ಲೋಕಗಳನ್ನೇ ನುಂಗುವ ಗ್ಯಾಲಕ್ಟಸ್‌ನಂಥವನಿಗೆ ಮುಂದೂತ ಇರಬೇಡವೇ ಎಂದು ಕಿರ್ಬಿ ತಾವೇ ಸೇರಿಸಿದ ಪಾತ್ರವದು. ಸಿಲ್ವರ್ ಸರ್ಫರ್ ಹುಟ್ಟಿದ್ದು ಹೀಗೆ. ಇದನ್ನು ಲೀ ಅವರೇ ಹಲವು ಸಲ ಒಪ್ಪಿಕೊಂಡಿದ್ದಾರೆ.

ಸ್ಟಾನ್ ಲೀ ಅವರ ಪಾಲನ್ನು ನಾವು ಕಡಿಮೆ ಮಾಡಲಾರೆವು. ಆ ಪಾತ್ರಗಳ ತುಂಟ ಮಾತು, ಸ್ವಂತ ಕಷ್ಟಗಳ ಗೊಣಗಾಟ, ಓದುಗರ ಜೊತೆಗಿನ ಸಲುಗೆ ಬಹುಮಟ್ಟಿಗೆ ಅವರದು. ಆದರೆ ಪುಟದ ಮೇಲೆ ಅಚ್ಚಾಗುತ್ತಿದ್ದದ್ದು ಬರಹ ಸ್ಟಾನ್ ಲೀ, ಚಿತ್ರ ಜಾಕ್ ಕಿರ್ಬಿ ಎಂದು. ಕತೆ ಕಟ್ಟಿದ ಕೆಲಸಕ್ಕೆ ಹೆಸರೂ ಇರಲಿಲ್ಲ, ಹಣವೂ ಇರಲಿಲ್ಲ. ನಮ್ಮ ಕರಾವಳಿಯಲ್ಲಿ ಬೀಡಿ ಕಟ್ಟುವವರಿಗೆ ಸಾವಿರಕ್ಕಿಷ್ಟು ಎಂದು ಮಜೂರಿ ಕೊಡುವ ಹಾಗೆ ಕಿರ್ಬಿಗೆ ಸಿಗುತ್ತಿದ್ದದ್ದು ಪುಟಕ್ಕಿಷ್ಟು ಎಂಬ ಕೂಲಿ. ಬರೆದರೆ ಹಣ, ಬರೆಯದಿದ್ದರೆ ಇಲ್ಲ. ಪಿಂಚಣಿಯಿಲ್ಲ, ಮರುಮುದ್ರಣದ ಪಾಲಿಲ್ಲ. 1966ರ ಜನವರಿಯಲ್ಲಿ ನ್ಯೂಯಾರ್ಕ್‌ನ ಪತ್ರಿಕೆಯೊಂದು ಮಾರ್ವೆಲ್ ಬಗ್ಗೆ ದೊಡ್ಡ ಲೇಖನ ಪ್ರಕಟಿಸಿ ಲೀ ಅವರನ್ನು ಪ್ರತಿಭಾವಂತನೆಂದು ಕೊಂಡಾಡಿತು. ಕಿರ್ಬಿಯನ್ನು ಒಳಉಡುಪು ಕಾರ್ಖಾನೆಯ ಸಹಾಯಕ ಮೇಸ್ತ್ರಿಗೆ ಹೋಲಿಸಿತು. ಬಟ್ಟೆ ಕಾರ್ಖಾನೆಯಲ್ಲಿ ಬೆವರು ಸುರಿಸಿದವನ ಮಗನಿಗೆ ಆ ಮಾತು ಎಲ್ಲಿ ತಾಗಿರಬೇಕು!

ಆ ಗೆರೆಗಳಲ್ಲಿ ಏನಿತ್ತು?

ಕಿರ್ಬಿಗಿಂತ ಚೆಂದದ ಮುಖ ಬರೆಯುವವರು, ಅಂಗರಚನೆಯನ್ನು ನಿಖರವಾಗಿ ಬಲ್ಲವರು ಅವರ ಕಾಲದಲ್ಲೇ ಇದ್ದರು. ಅವರ ಪಾತ್ರಗಳ ಬೆರಳುಗಳು ಇಟ್ಟಿಗೆಯಂತೆ ಚೌಕ, ಮೊಣಕಾಲುಗಳು ಬಂಡೆ. ಆದರೆ ಅವರಷ್ಟು ಚಲನೆಯನ್ನು ಕಾಗದಕ್ಕೆ ತಂದವರು ಇನ್ನೊಬ್ಬರಿಲ್ಲ. ಗುದ್ದುವ ಮುಷ್ಟಿ ಓದುಗನ ಮೂಗಿನ ಹತ್ತಿರಕ್ಕೇ ಬರುತ್ತದೆ, ಗುದ್ದಿದವನ ಭುಜ ಮಾರು ದೂರ ಹಿಂದಿರುತ್ತದೆ. 1940ರ ದಶಕದಲ್ಲೇ ಅವರ ಪಾತ್ರಗಳು ಚೌಕಟ್ಟನ್ನು ಒಡೆದು ಪಕ್ಕದ ಚೌಕಕ್ಕೆ ಕಾಲು ಚಾಚುತ್ತಿದ್ದವು. 1960ರ ದಶಕದಲ್ಲಿ ಚೌಕಗಳು ದೊಡ್ಡವಾದವು. ಪುಟವಿಡೀ ತುಂಬುವ ಯಂತ್ರಗಳು, ನಕ್ಷತ್ರಲೋಕಗಳು, ಪತ್ರಿಕೆಗಳಿಂದ ಕತ್ತರಿಸಿ ಅಂಟಿಸಿದ ಛಾಯಾಚಿತ್ರಗಳು ಬಂದವು. ಆಕಾಶದ ಶಕ್ತಿಯನ್ನು ತೋರಿಸಲು ಅವರು ಕಪ್ಪು ಚುಕ್ಕೆಗಳ ಗೊಂಚಲು ಬಳಸಿದರು. ಶೂನ್ಯ ಕುದಿಯುತ್ತಿರುವಂತೆ ಕಾಣುವ ಈ ತಂತ್ರಕ್ಕೆ ಅವರದೇ ಹೆಸರು ಬಿದ್ದಿದೆ, 'ಕಿರ್ಬಿ ಕ್ರ್ಯಾಕಲ್' ಎಂದು. ಪೆನ್ಸಿಲ್ ಗೆರೆಗಳಿಗೆ ಶಾಯಿ ಹಾಕುತ್ತಿದ್ದವರು ಬೇರೆಯವರು. ಜೋ ಸಿನಟ್ ಅವರ ಶಾಯಿಯಲ್ಲಿ ಈ ಪುಟಗಳು ಲೋಹದಂತೆ ಹೊಳೆಯುತ್ತವೆ.

ಬರೀ ತಂತ್ರವಾಗಿದ್ದರೆ ಇಷ್ಟು ಕಾಲ ಉಳಿಯುತ್ತಿರಲಿಲ್ಲ. ಕಿರ್ಬಿಯ ನಾಯಕರಲ್ಲಿ ಹೊರಗಿನವನ ನೋವಿದೆ. ಫೆಂಟಾಸ್ಟಿಕ್ ಫೋರ್‌ನ ಬೆನ್ ಗ್ರಿಮ್ ಅಪಘಾತವೊಂದರಲ್ಲಿ ಕಲ್ಲಿನ ಮೈಯವನಾಗುತ್ತಾನೆ. ಬಲ ಸಿಕ್ಕಿತೆಂದು ಅವನಿಗೆ ಸಂತೋಷವಿಲ್ಲ, ಮನುಷ್ಯನಂತೆ ಬೀದಿಯಲ್ಲಿ ನಡೆಯಲಾಗದೆಂಬ ದುಃಖವಿದೆ. ಅವನು ಬೆಳೆದ ಯಾನ್ಸಿ ಬೀದಿ ಕಿರ್ಬಿ ಬೆಳೆದ ಬಡಾವಣೆಯ ಡಿಲ್ಯಾನ್ಸಿ ಬೀದಿಯ ನೆರಳು. ಬೆನ್ ಎಂಬ ಹೆಸರೂ ತಂದೆಯದೇ. ಹುಟ್ಟಿನ ಕಾರಣಕ್ಕೇ ಜನ ಹೆದರುವ, ದ್ವೇಷಿಸುವ ಎಕ್ಸ್-ಮೆನ್ ಕೂಡ ಇದೇ ಬಗೆಯವರು. ತಮ್ಮನ್ನು ಅನುಮಾನದಿಂದ ನೋಡುವ ಸಮಾಜದಲ್ಲಿ ಬದುಕುವ ಯಾವ ಸಮುದಾಯದ ಓದುಗನಿಗೂ ಈ ಕತೆಗಳು ಬೇಗ ಅರ್ಥವಾಗುತ್ತವೆ.

1966ರಲ್ಲಿ 'ಫೆಂಟಾಸ್ಟಿಕ್ ಫೋರ್' 52ನೇ ಸಂಚಿಕೆಯಲ್ಲಿ ಬ್ಲ್ಯಾಕ್ ಪ್ಯಾಂಥರ್ ಬಂದ. ಅಮೆರಿಕದ ಮುಖ್ಯಧಾರೆಯ ಕಾಮಿಕ್ಸ್‌ನ ಮೊದಲ ಕಪ್ಪು ಸೂಪರ್ ಹೀರೋ ಅವನು. ಕಪ್ಪು ಜನರ ಮತದಾನದ ಹಕ್ಕನ್ನು ಕಾಪಾಡುವ ಕಾನೂನು ಬಂದು ಆಗ ಒಂದು ವರ್ಷವಾಗಿತ್ತಷ್ಟೆ. ಅಂಥ ಹೊತ್ತಿನಲ್ಲಿ, ಯಾರಿಗೂ ಸೋಲದ, ವಿಜ್ಞಾನದಲ್ಲಿ ಬಿಳಿಯರನ್ನೂ ಮೀರಿಸಿದ ವಕಾಂಡ ಎಂಬ ಆಫ್ರಿಕನ್ ರಾಜ್ಯದ ದೊರೆಯಾಗಿ ಅವನನ್ನು ಚಿತ್ರಿಸಲಾಯಿತು. ತನ್ನ ಓದುಗರಲ್ಲಿ ಕಪ್ಪು ಜನರಿದ್ದರೂ ತನ್ನ ಚಿತ್ರಗಳಲ್ಲಿ ಅವರಿಲ್ಲವೆಂಬುದು ಹೊಳೆದು ಈ ಪಾತ್ರ ಮಾಡಿದೆ ಎಂದು ಕಿರ್ಬಿ ಮುಂದೆ ಹೇಳಿದ್ದರು.

ಸ್ವಂತ ಲೋಕದ ಕನಸು

1968ರಲ್ಲಿ ಗುಡ್‌ಮನ್ ಸಂಸ್ಥೆಯನ್ನು ಮಾರಿದರು. ಹೊಸ ಮಾಲೀಕರಿಗೆ ಕಿರ್ಬಿ ಬರೇ ಒಬ್ಬ ಚಿತ್ರಕಾರ. 1970ರಲ್ಲಿ ಅವರು ಪ್ರತಿಸ್ಪರ್ಧಿ ಡಿ.ಸಿ. ಸಂಸ್ಥೆಗೆ ಹೋದರು. ಅಲ್ಲಿ ತಾವೇ ಬರೆದು, ತಾವೇ ಚಿತ್ರಿಸಿ 'ನ್ಯೂ ಗಾಡ್ಸ್', 'ಫಾರೆವರ್ ಪೀಪಲ್', 'ಮಿಸ್ಟರ್ ಮಿರಾಕಲ್' ಎಂಬ ಒಂದಕ್ಕೊಂದು ಹೆಣೆದ ಮಾಲಿಕೆಗಳನ್ನು ಆರಂಭಿಸಿದರು. ಇದರ ಖಳನಾಯಕ ಡಾರ್ಕ್‌ಸೈಡ್. ಜನರ ಇಚ್ಛಾಶಕ್ತಿಯನ್ನೇ ಅಳಿಸಿಹಾಕುವ ಒಂದು ಸಮೀಕರಣಕ್ಕಾಗಿ ಹುಡುಕುವವನು. ಯುರೋಪಿನಲ್ಲಿ ಸರ್ವಾಧಿಕಾರದ ಫಲವನ್ನು ಕಣ್ಣಾರೆ ಕಂಡ ಸೈನಿಕನೊಬ್ಬನ ಕೈ ಇಲ್ಲಿ ಕಾಣುತ್ತದೆ. ಸಂಭಾಷಣೆ ಒರಟಾಗಿತ್ತು ನಿಜ. ಆದರೆ ಕಲ್ಪನೆಯ ವಿಸ್ತಾರ ಅಗಾಧ. ಮಾರಾಟ ಸಾಲದೆಂದು ಡಿ.ಸಿ. 1972ರಲ್ಲಿ ಕತೆಯನ್ನು ಅರ್ಧದಲ್ಲೇ ನಿಲ್ಲಿಸಿತು. ಕಿರ್ಬಿ ಬರೆದ ಸೂಪರ್‌ಮ್ಯಾನ್ ಮುಖ ಸಂಸ್ಥೆಯ ಮಾದರಿಗೆ ಹೊಂದುವುದಿಲ್ಲವೆಂದು ಬೇರೆಯವರಿಂದ ತಿದ್ದಿಸಿದ್ದೂ ಉಂಟು. ಮತ್ತೆ ಕೆಲ ಕಾಲ ಮಾರ್ವೆಲ್‌ನಲ್ಲಿದ್ದು, 1978ರ ಹೊತ್ತಿಗೆ ಕಾಮಿಕ್ಸ್ ಬಿಟ್ಟು ಟಿ.ವಿ. ಕಾರ್ಟೂನುಗಳತ್ತ ಹೋದರು. ಅಲ್ಲಿ ಒಳ್ಳೆಯ ಸಂಬಳವಿತ್ತು, ಆರೋಗ್ಯ ವಿಮೆಯಿತ್ತು. ನಾಲ್ವತ್ತು ವರ್ಷ ದುಡಿದ ಕಾಮಿಕ್ಸ್ ಅದನ್ನು ಕೊಟ್ಟಿರಲಿಲ್ಲ.

ಆ ಕಾಲದ ಒಂದು ಸಂಗತಿ ಕತೆಗಿಂತ ವಿಚಿತ್ರ. ರೋಜರ್ ಝೆಲಾಝ್ನಿ ಅವರ 'ಲಾರ್ಡ್ ಆಫ್ ಲೈಟ್' ಕಾದಂಬರಿಯನ್ನು ಸಿನಿಮಾ ಮಾಡುವ ಯೋಜನೆಯೊಂದಕ್ಕೆ ಕಿರ್ಬಿ ಚಿತ್ರಗಳನ್ನು ಬರೆದುಕೊಟ್ಟಿದ್ದರು. ಹಿಂದೂ ದೇವತೆಗಳ ಹೆಸರು ಹೊತ್ತ ಮನುಷ್ಯರು ದೂರದ ಗ್ರಹವೊಂದನ್ನು ಆಳುವ ಕತೆಯದು. ಬ್ರಹ್ಮನ ಅರಮನೆಯ ಕೋಣೆಯೂ ಆ ಚಿತ್ರಗಳಲ್ಲಿದೆ. ಸಿನಿಮಾ ಆಗಲಿಲ್ಲ. ಆದರೆ ಇರಾನಿನ ಕ್ರಾಂತಿಯ ಬಳಿಕ, 1979ರ ನವೆಂಬರ್‌ನಲ್ಲಿ ಟೆಹರಾನ್‌ನ ಅಮೆರಿಕನ್ ರಾಯಭಾರ ಕಚೇರಿ ವಶವಾದಾಗ ಆರು ಮಂದಿ ತಪ್ಪಿಸಿಕೊಂಡು ಕೆನಡಾದ ರಾಜತಾಂತ್ರಿಕರ ಮನೆಗಳಲ್ಲಿ ಅಡಗಿದ್ದರು. ಸಿನಿಮಾಕ್ಕೆ ಸ್ಥಳ ಹುಡುಕಲು ಬಂದ ಕೆನಡಾ ತಂಡವೆಂಬ ಸೋಗಿನಲ್ಲಿ ಸಿ.ಐ.ಎ. 1980ರ ಜನವರಿಯಲ್ಲಿ ಅವರನ್ನು ಹೊರತಂದಿತು. ಆ ಸುಳ್ಳು ಸಿನಿಮಾದ ಹೆಸರು 'ಆರ್ಗೋ'. ನಂಬಿಸಲು ಬಳಸಿದ್ದು ಇದೇ ಚಿತ್ರಕತೆ ಮತ್ತು ಕಿರ್ಬಿಯ ಇದೇ ಚಿತ್ರಗಳು. ಗುಟ್ಟು ಬಹಿರಂಗವಾದದ್ದು 1997ರಲ್ಲಿ. ಕಿರ್ಬಿ ತೀರಿಕೊಂಡು ಆಗ ಮೂರು ವರ್ಷಗಳಾಗಿದ್ದವು. ಅವರ ಚಿತ್ರಗಳು ಅವರ ಕೈಬಿಟ್ಟು ಎಲ್ಲೆಲ್ಲಿ ಅಲೆದವೆಂಬುದಕ್ಕೆ ಇದೊಂದು ಉದಾಹರಣೆ.

ಪುಟಗಳಿಗಾಗಿ ಹೋರಾಟ

ಕಾಮಿಕ್ಸ್ ಅಚ್ಚಾದ ಮೇಲೆ ಮೂಲ ಚಿತ್ರದ ಹಾಳೆಗಳು ಪ್ರಕಾಶಕರ ಗೋದಾಮಿನಲ್ಲೇ ಉಳಿಯುತ್ತಿದ್ದವು. ಎಷ್ಟೋ ಹಾಳೆಗಳು ಕಳುವಾದವು, ನಾಶವಾದವು. ಅಭಿಮಾನಿಗಳು ಹಣ ಕೊಟ್ಟು ಕೊಳ್ಳಲು ಶುರುಮಾಡಿದ ಮೇಲೆ ಅವುಗಳಿಗೆ ಬೆಲೆ ಬಂತು. ಮಾರ್ವೆಲ್ ಹಾಳೆಗಳನ್ನು ಕಲಾವಿದರಿಗೆ ಮರಳಿಸತೊಡಗಿತು. ಇತರರಿಗೆ ಒಂದು ಪುಟದ ಸರಳ ಪತ್ರಕ್ಕೆ ಸಹಿ ಸಾಕಿತ್ತು. 1984ರಲ್ಲಿ ಕಿರ್ಬಿಗೆ ಮಾತ್ರ ನಾಲ್ಕು ಪುಟಗಳ ಕರಾರುಪತ್ರ ಬಂತು. ಪಾತ್ರಗಳ ಮೇಲೆ ಎಂದೂ ಹಕ್ಕು ಕೇಳುವುದಿಲ್ಲವೆಂದು ಬರೆದುಕೊಡಬೇಕು, ಮರಳುವ ಹಾಳೆಗಳನ್ನೂ ಸಂಸ್ಥೆ ಕೇಳಿದಾಗ ಒದಗಿಸಬೇಕು. ಇಷ್ಟಕ್ಕೂ ಸಿಗುವುದು ಎಷ್ಟು? ಸಾವಿರಾರು ಪುಟ ಬರೆದವರಿಗೆ 88 ಪುಟ!

ಕಿರ್ಬಿ ಸಹಿ ಹಾಕಲಿಲ್ಲ. 67 ವರ್ಷದ ಆ ಮನುಷ್ಯನಿಗೆ ಕಣ್ಣಿನ ತೊಂದರೆಯಿತ್ತು, ಗೆರೆಯಲ್ಲಿ ಹಿಂದಿನ ಬಿಗಿ ಇರಲಿಲ್ಲ. ಹಟ ಮಾತ್ರ ಓಣಿಯ ಹುಡುಗನದೇ. ಅವರ ಪರವಾಗಿ 'ದ ಕಾಮಿಕ್ಸ್ ಜರ್ನಲ್' ಪತ್ರಿಕೆ ದನಿಯೆತ್ತಿತು. ನೂರಾರು ಕಲಾವಿದರು, ಬರಹಗಾರರು ಮನವಿಗೆ ಸಹಿ ಹಾಕಿದರು. 1987ರಲ್ಲಿ ಮಾರ್ವೆಲ್ ಇತರರಿಗೆ ಕೊಡುತ್ತಿದ್ದಂಥ ಪತ್ರಕ್ಕೇ ಒಪ್ಪಿ ಸುಮಾರು ಎರಡು ಸಾವಿರ ಪುಟಗಳನ್ನು ಮರಳಿಸಿತು. ಉಳಿದವು ಹೋದವು.

ಅದೇ ಹೊತ್ತಿನಲ್ಲಿ ಡಿ.ಸಿ. ಬೇರೊಂದು ದಾರಿ ತೋರಿಸಿತ್ತು. ಡಾರ್ಕ್‌ಸೈಡ್ ಮೊದಲಾದವರ ಗೊಂಬೆಗಳನ್ನು ಮಾರುಕಟ್ಟೆಗೆ ತರುವಾಗ ಪಾತ್ರಗಳ ರೂಪವನ್ನು ಮತ್ತೊಮ್ಮೆ ತಿದ್ದಿಕೊಡುವಂತೆ ಕಿರ್ಬಿಯನ್ನು ಕೇಳಿತು. ಹಳೆಯ ಕರಾರಿನಲ್ಲಿ ಇಲ್ಲದ ಗೌರವಧನವನ್ನು ಈ ನೆಪದಲ್ಲಿ ಕೊಡುವುದು ಅದರ ಉದ್ದೇಶವಾಗಿತ್ತು. ಕಾನೂನಿನ ಒತ್ತಾಯವಿಲ್ಲದೆಯೂ ನ್ಯಾಯ ಮಾಡಲು ಸಾಧ್ಯವೆಂಬುದಕ್ಕೆ ಇದು ಸಾಕ್ಷಿ.

1994ರ ಫೆಬ್ರವರಿ 6ರಂದು ಕ್ಯಾಲಿಫೋರ್ನಿಯಾದ ಥೌಸಂಡ್ ಓಕ್ಸ್‌ನಲ್ಲಿ ಕಿರ್ಬಿ ನಿಧನರಾದರು. ಅವರ ಪಾತ್ರಗಳು ಸಿನಿಮಾಗಳಾಗಿ ಕೋಟಿಗಟ್ಟಲೆ ಡಾಲರ್ ತಂದದ್ದು ಆ ಬಳಿಕ. 2009ರಲ್ಲಿ ಡಿಸ್ನಿ ಸಂಸ್ಥೆ ಸುಮಾರು 400 ಕೋಟಿ ಡಾಲರ್‌ಗೆ ಮಾರ್ವೆಲ್ಲನ್ನು ಕೊಂಡಿತು. ಅದೇ ವರ್ಷ ಕಿರ್ಬಿಯ ನಾಲ್ವರು ಮಕ್ಕಳು ಅಮೆರಿಕದ ಕೃತಿಸ್ವಾಮ್ಯ ಕಾನೂನಿನಂತೆ ಹಕ್ಕು ಮರಳಿ ಪಡೆಯಲು ನೋಟಿಸ್ ಕೊಟ್ಟರು. ಮಾರ್ವೆಲ್ ನ್ಯಾಯಾಲಯಕ್ಕೆ ಹೋಯಿತು. ಕಿರ್ಬಿ ಮಾಡಿದ್ದು ಸಂಸ್ಥೆಯ ಪ್ರೇರಣೆ ಮತ್ತು ವೆಚ್ಚದಲ್ಲಿ ಮಾಡಿದ ಕೂಲಿ ಕೆಲಸ, ಆದ್ದರಿಂದ ಸ್ವಾಮ್ಯ ಸಂಸ್ಥೆಯದೇ ಎಂದು 2011ರಲ್ಲಿ ತೀರ್ಪಾಯಿತು. 2013ರಲ್ಲಿ ಮೇಲ್ಮನವಿಯಲ್ಲೂ ಮಕ್ಕಳಿಗೆ ಸೋಲಾಯಿತು. ಪ್ರಕರಣ ಸುಪ್ರೀಂ ಕೋರ್ಟಿನ ಬಾಗಿಲಿಗೆ ಬಂದಾಗ, 2014ರ ಸೆಪ್ಟೆಂಬರ್‌ನಲ್ಲಿ ಎರಡೂ ಕಡೆಯವರು ರಾಜಿಯಾದರು. ರಾಜಿಯ ಷರತ್ತುಗಳನ್ನು ಬಹಿರಂಗಪಡಿಸಲಿಲ್ಲ. ಅಲ್ಲಿಂದೀಚೆಗೆ ಮಾರ್ವೆಲ್ ಕಾಮಿಕ್ಸ್‌ನಲ್ಲಿ ಲೀ ಹೆಸರಿನ ಜೊತೆ ಕಿರ್ಬಿಯ ಹೆಸರೂ ಸೃಷ್ಟಿಕರ್ತನಾಗಿ ಅಚ್ಚಾಗುತ್ತಿದೆ. 2025ರ ಫೆಂಟಾಸ್ಟಿಕ್ ಫೋರ್ ಸಿನಿಮಾದಲ್ಲಿ ಕತೆ ನಡೆಯುವ ಭೂಮಿಗೆ 828 ಎಂಬ ಸಂಖ್ಯೆ ಕೊಟ್ಟಿದ್ದಾರೆ. ಎಂಟನೆಯ ತಿಂಗಳ 28, ಕಿರ್ಬಿ ಹುಟ್ಟಿದ ದಿನ.

ನಷ್ಟದ ಹೊರೆ ಹೊತ್ತವರು ಪ್ರಕಾಶಕರಲ್ಲವೇ, ಕೂಲಿ ಕೊಟ್ಟ ಮೇಲೆ ಇನ್ನೇನು ಬಾಕಿ ಎಂದು ಕೇಳುವವರಿದ್ದಾರೆ. ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅನೇಕ ಪುಸ್ತಕಗಳು ಸೋಲುವ ವ್ಯಾಪಾರವದು. ಆದರೆ ಸೋತರೆ ಕಿರ್ಬಿಯ ಕೆಲಸವೂ ಹೋಗುತ್ತಿತ್ತು. ನಷ್ಟದಲ್ಲಿ ಪಾಲುದಾರನಾದವನಿಗೆ ಲಾಭದಲ್ಲಿ ಮಾತ್ರ ಪಾಲಿಲ್ಲವೆಂದರೆ ಅದನ್ನು ಕರಾರು ಎನ್ನಬಹುದು, ನ್ಯಾಯ ಎನ್ನಲಾಗದು. ಕಾನೂನು ಮತ್ತು ನ್ಯಾಯ ಯಾವಾಗಲೂ ಒಂದೇ ಹಾದಿಯಲ್ಲಿ ನಡೆಯುವುದಿಲ್ಲವೆಂಬುದು ನಮ್ಮ ದೇಶದ ಓದುಗರಿಗೆ ಹೊಸ ಮಾತಲ್ಲ.

ಕಿರ್ಬಿ ಬಿತ್ತಿದ ಬೀಜಗಳು ಅವರು ಎಣಿಸದ ಕಡೆಗಳಲ್ಲೂ ಮೊಳೆತಿವೆ. 2014ರಲ್ಲಿ ಮಾರ್ವೆಲ್ ಕಮಲಾ ಖಾನ್ ಎಂಬ ಪಾಕಿಸ್ತಾನಿ ಮೂಲದ ಮುಸ್ಲಿಂ ಹುಡುಗಿಯನ್ನು 'ಮಿಸ್ ಮಾರ್ವೆಲ್' ಆಗಿ ತನ್ನದೇ ಪುಸ್ತಕದ ನಾಯಕಿ ಮಾಡಿತು. ಸಂಪಾದಕಿ ಸನಾ ಅಮಾನತ್, ಬರಹ ಜಿ. ವಿಲ್ಲೋ ವಿಲ್ಸನ್, ಚಿತ್ರ ಏಡ್ರಿಯನ್ ಆಲ್ಫೋನಾ ಅವರದು. ಕಾಮಿಕ್ಸ್‌ನಲ್ಲಿ ಆಕೆ 'ಇನ್‌ಹ್ಯೂಮನ್ಸ್' ಎಂಬ ಕುಲಕ್ಕೆ ಸೇರಿದವಳು. ಆ ಕುಲವನ್ನು 1965ರಲ್ಲಿ ಕಾಗದದ ಮೇಲೆ ಮೊದಲು ತಂದದ್ದು ಕಿರ್ಬಿಯ ಪೆನ್ಸಿಲ್. ಯಹೂದಿ ವಲಸಿಗನ ಮಗ ಬರೆದ ಲೋಕದಲ್ಲಿ ಮುಸ್ಲಿಂ ವಲಸಿಗರ ಮಗಳಿಗೆ ಜಾಗ ಸಿಕ್ಕಿತು. ಹಿಟ್ಲರನಿಗೆ ಗುದ್ದಿದ ಆ ಮೊದಲ ಮುಖಪುಟದ ಸಹಜ ಮುಂದುವರಿಕೆ ಇದೆಂದು ನಮಗೆ ತೋರುತ್ತದೆ.

ಮುಂದಿನ ಸಲ ಮನೆಯ ಮಕ್ಕಳು ಈ ಸಿನಿಮಾಗಳನ್ನು ನೋಡುವಾಗ ಕೊನೆಯಲ್ಲಿ ಓಡುವ ಹೆಸರುಗಳ ಸಾಲನ್ನು ಆರಿಸಿಬಿಡದೆ ಸ್ವಲ್ಪ ಕಾಯೋಣ. ಅಲ್ಲಿ ಜಾಕ್ ಕಿರ್ಬಿ ಎಂಬ ಹೆಸರು ಬರುತ್ತದೆ. ಅದನ್ನು ಅಲ್ಲಿಗೆ ತರಲು ಒಂದು ಕುಟುಂಬಕ್ಕೆ ಎರಡು ತಲೆಮಾರು ಬೇಕಾಯಿತು ಎಂಬುದನ್ನೂ ಮಕ್ಕಳಿಗೆ ಹೇಳೋಣ.